ಲೀನಿಯರ್ ಪವರ್ ಸಪ್ಲೈ ಹಾಕಿದ ಮೇಲೂ ಹಮ್ ಬರುತ್ತಿದೆಯಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಡ್ಯಾಕ್‌ಗೋ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ), ರಾಸ್ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಮಾಡಿದ ಸ್ಟ್ರೀಮರ್‌ಗೋ (ನೆಟ್‌ನಿಂದ ಹಾಡು ತರುವ ಪೆಟ್ಟಿಗೆ), ಫೋನೋ ಪ್ರೀಆಂಪ್‌ಗೋ (ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಪೆಟ್ಟಿಗೆ) ಜೊತೆಗೆ ಬಂದ ಅಡಾಪ್ಟರ್ ತೆಗೆದು ಲೀನಿಯರ್ ಪವರ್ ಸಪ್ಲೈ, ಅಂದರೆ ಟ್ರಾನ್ಸ್‌ಫಾರ್ಮರ್ ಮತ್ತು ರೆಗ್ಯುಲೇಟರ್ ಇಟ್ಟು ಡಿಸಿ ಕೊಡುವ ಪೆಟ್ಟಿಗೆ, ಹಾಕುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಹಾಕಿದ ಮೇಲೆ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮೊದಲು ಇಲ್ಲದ ಗುಂಯ್ ಅನ್ನುವ ಹಮ್ ಈಗ ಬರುತ್ತಿದೆ, ಇಲ್ಲವೇ ಮೊದಲಿದ್ದದ್ದು ಹಾಗೇ ಇದೆ, ಇಲ್ಲವೇ ಬೆಳಗ್ಗೆ ಎಲ್ಲ ಸರಿ ಇದ್ದು ಸಂಜೆ ಆದರೆ ಸಾಕು ಶುರುವಾಗುತ್ತದೆ. ತಂದ ಪೆಟ್ಟಿಗೆ ಕೆಟ್ಟಿದೆ ಅಂತ ವಾಪಸ್ ಕಳಿಸಿ ಇನ್ನೊಂದು ತರಿಸುತ್ತಾರೆ. ಅದೂ ಗುಂಯ್ ಅನ್ನುತ್ತದೆ.

ಹಮ್ ಬಹಳ ಸಲ ಯಾವ ಪೆಟ್ಟಿಗೆಯ ಒಳಗೂ ಹುಟ್ಟುವುದಿಲ್ಲ. ಎರಡು ಪೆಟ್ಟಿಗೆಗಳ ನಡುವಿನ ವೈರಿನಲ್ಲಿ ಹರಿಯಬಾರದ ಕರೆಂಟ್ ಹರಿದು ಹುಟ್ಟುತ್ತದೆ. ಪೆಟ್ಟಿಗೆಯಲ್ಲೇ ಹುಟ್ಟಿದ್ದರೂ, ನಮ್ಮ ಊರುಗಳಲ್ಲಿ ಅದಕ್ಕೆ ಕಾರಣ ಹೆಚ್ಚಾಗಿ ಗೋಡೆಯಿಂದ ಬರುವ ಲೋ ವೋಲ್ಟೇಜ್. ಆದ್ದರಿಂದ ಮೊದಲು ಕರೆಂಟ್ ಹೋಗುವ ದಾರಿ ಹುಡುಕಿ. ಆಮೇಲೆ ವೋಲ್ಟೇಜ್ ಅಳೆಯಿರಿ. ಸ್ಕ್ರೂಡ್ರೈವರ್ ಕೊನೆಗೆ. ಈ ಕ್ರಮ ಬಿಟ್ಟರೆ ದುಡ್ಡು ಖರ್ಚಾಗುತ್ತದೆ, ಹಮ್ ಹೋಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆದಿರುವುದರಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸ ಇರುವ ಕಡೆ ಒಳಗೆ 230 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಮೇನ್ಸ್ (ಗೋಡೆಯ ಪ್ಲಗ್ಗಿನ ಕರೆಂಟ್) ಕಡೆ ಕೈ ಹಾಕಿ ಅಭ್ಯಾಸ ಇಲ್ಲದವರು ಅದನ್ನು ಬಲ್ಲವರಿಗೆ ಬಿಡಿ. ಇನ್ನೊಂದು: ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ, ಅದಕ್ಕೆ ಟೇಪ್ ಸುತ್ತುವ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಹಮ್ ಹೋಗಬಹುದು. ಆದರೆ ಮುಂದೆ ಎಂದಾದರೂ ಟ್ರಾನ್ಸ್‌ಫಾರ್ಮರ್ ಇನ್ಸುಲೇಶನ್ ಸುಟ್ಟ ದಿನ ಲೋಹದ ಪೆಟ್ಟಿಗೆ ಪೂರ್ತಿ ಫೇಸ್ ಆಗುತ್ತದೆ. ಅದಕ್ಕೆ ಜೋಡಿಸಿದ ಆಂಪ್ಲಿಫೈಯರ್ ಕೂಡ. ಮನೆಯಲ್ಲಿ ಮಕ್ಕಳಿರುತ್ತಾರೆ ಅಲ್ವಾ?

ಮೊದಲು ಕಿವಿ ಕೊಟ್ಟು ಕೇಳಿ

ನಮ್ಮ ಮೇನ್ಸ್ 50 ಹರ್ಟ್ಜ್. ಅದೇ ನೇರವಾಗಿ ಒಳಗೆ ನುಸುಳಿದರೆ ಬರುವ ಹಮ್ ಕೂಡ 50 ಹರ್ಟ್ಜ್. ಬ್ರಿಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ದಾಟಿ ಬಂದ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಆದರೆ 100 ಹರ್ಟ್ಜ್, ಅಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಸಂಗೀತ ಕಲಿತವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಉಳಿದವರು ಫೋನಿನಲ್ಲಿ ಒಂದು ಸ್ಪೆಕ್ಟ್ರಮ್ ಅನಲೈಸರ್ ಆಪ್ ಹಾಕಿಕೊಂಡು ಸ್ಪೀಕರ್ ಹತ್ತಿರ ಹಿಡಿದರೆ ಗೆರೆ ಎಲ್ಲಿ ಎದ್ದಿದೆ ಅಂತ ಕಾಣುತ್ತದೆ. ಸಣ್ಣ ಬುಕ್‌ಶೆಲ್ಫ್ ಸ್ಪೀಕರ್‌ಗಳು 50 ಹರ್ಟ್ಜ್ ಅನ್ನು ಸರಿಯಾಗಿ ನುಡಿಸುವುದೇ ಇಲ್ಲ, ಅದರ ಮೇಲಿನ 100, 150 ಇವೇ ಕೇಳುತ್ತವೆ. ಹಾಗಾಗಿ 150 ಮತ್ತು 250ರಲ್ಲೂ ಗೆರೆ ಇದೆಯಾ ನೋಡಿ. ಇದ್ದರೆ ಅದು ಮೇನ್ಸ್ ಕರೆಂಟಿನ ಸಂತಾನ. 100, 200, 300 ಮಾತ್ರ ಇದ್ದರೆ ರೆಕ್ಟಿಫೈಯರ್ ಕಡೆಯದು.

ಜೊತೆಗೆ ಇನ್ನೊಂದನ್ನು ಗಮನಿಸಿ. ಆಂಪ್ಲಿಫೈಯರ್‌ನ ವಾಲ್ಯೂಮ್ ತಿರುಗಿಸಿದರೆ ಹಮ್ ಕೂಡ ಏರಿಳಿಯುತ್ತದೆಯಾ? ಏರಿಳಿದರೆ ತಪ್ಪು ವಾಲ್ಯೂಮ್‌ಗಿಂತ ಹಿಂದೆ ಇದೆ, ಅಂದರೆ ಡ್ಯಾಕ್, ಕೇಬಲ್, ಅದರ ಪವರ್ ಸಪ್ಲೈ ಕಡೆ. ವಾಲ್ಯೂಮ್ ಸೊನ್ನೆಯಲ್ಲೂ ಅಷ್ಟೇ ಇದ್ದರೆ ಆಂಪ್ಲಿಫೈಯರ್‌ನದೇ ತೊಂದರೆ. ಆಗ ಡ್ಯಾಕ್‌ಗೆ ಎಷ್ಟು ಒಳ್ಳೆಯ ಸಪ್ಲೈ ಹಾಕಿದರೂ ಪ್ರಯೋಜನ ಇಲ್ಲ. ಹತ್ತು ಹದಿನೈದು ವರ್ಷ ಹಳೆಯ ಆಂಪ್ (ಆಂಪ್ಲಿಫೈಯರ್) ಆಗಿದ್ದರೆ ಅದರ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು, ಅದನ್ನು ಮೊದಲು ನೋಡಿಸಿ.

ಸ್ಪೀಕರ್‌ನಿಂದ ಏನೂ ಇಲ್ಲ, ಸಪ್ಲೈ ಪೆಟ್ಟಿಗೆಯೇ ಗುಂಯ್‌ಗುಡುತ್ತಿದೆ ಅಂದರೆ ಅದು ಬೇರೆ ಕಥೆ, ಕೆಳಗೆ ಬರುತ್ತದೆ.

ಪವರ್ ಬ್ಯಾಂಕ್ ಪರೀಕ್ಷೆ

ಇಡೀ ಹುಡುಕಾಟದಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ. 5 ವೋಲ್ಟಿನ ಡ್ಯಾಕ್ ಅಥವಾ ಪೈ ಆದರೆ ಲೀನಿಯರ್ ಸಪ್ಲೈ ಕಿತ್ತು ಪವರ್ ಬ್ಯಾಂಕ್‌ನಿಂದ ನಡೆಸಿ. ಪವರ್ ಬ್ಯಾಂಕ್ ಚಾರ್ಜರ್‌ಗೆ ಸಿಕ್ಕಿಸಿರಬಾರದು. 12 ವೋಲ್ಟಿನದಾದರೆ ಬೈಕಿನ ಬ್ಯಾಟರಿಯೋ, ಸಣ್ಣ ಯುಪಿಎಸ್ ಬ್ಯಾಟರಿಯೋ ಆಗುತ್ತದೆ, ನಡುವೆ ಒಂದು ಫ್ಯೂಸ್ ಹಾಕಿ. ಬ್ಯಾಟರಿಗೆ ಗೋಡೆಯ ಜೊತೆ ಸಂಬಂಧವೇ ಇಲ್ಲ. ಆದ್ದರಿಂದ ಹಮ್ ಹಾಗೇ ಇದ್ದರೆ ನಿಮ್ಮ ಪವರ್ ಸಪ್ಲೈ ನಿರಪರಾಧಿ, ಲೀನಿಯರ್ ಆಗಲಿ ಹಳೆಯ ಅಡಾಪ್ಟರ್ ಆಗಲಿ. ಹಮ್ ಮಾಯವಾದರೆ ಹೆಚ್ಚಾಗಿ ಎರಡು ಸಾಧ್ಯತೆ ಉಳಿಯುತ್ತವೆ: ಸಪ್ಲೈ ಮೂಲಕ ಗ್ರೌಂಡ್ ಲೂಪ್ (ಅರ್ಥ್‌ಗೆ ಎರಡು ದಾರಿ ಸೇರಿ ಆದ ಉಂಗುರ) ಆಗಿದೆ, ಇಲ್ಲವೇ ಸಪ್ಲೈಯ ಔಟ್‌ಪುಟ್‌ನಲ್ಲೇ ರಿಪಲ್ ಇದೆ.

ಬ್ಯಾಟರಿಯಲ್ಲೂ ಹಮ್ ಇದ್ದರೆ ಬೇರೆ ವೈರ್‌ಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್ ಇದೇ ಆಂಪ್‌ಗೆ ಜೋಡಿಸಿದ್ದರೆ ಮೊದಲು ಅದರ ಡಿಶ್ ಕೇಬಲ್ ಅಥವಾ ಕೇಬಲ್ ಟಿವಿ ವೈರ್ ಬಿಚ್ಚಿ. ಆ ಕೇಬಲ್‌ನ ಹೊರಪದರ ಛಾವಣಿಯ ಮೇಲೋ ಪಕ್ಕದ ಬೀದಿಯಲ್ಲೋ ಇನ್ನೆಲ್ಲೋ ನೆಲ ಮುಟ್ಟಿರುತ್ತದೆ. ಎಷ್ಟೋ ಮನೆಗಳಲ್ಲಿ ವಿಷಯ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಕಂಪ್ಯೂಟರ್‌ನ ಯುಎಸ್‌ಬಿ ವೈರ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ನೋಡಿ. ನೆಟ್‌ವರ್ಕ್ ಕೇಬಲ್‌ನ ಮೇಲೆ ಸಂಶಯ ಪಡುವವರು ಬಹಳ, ಆದರೆ ಅದರ ಎರಡೂ ತುದಿಯಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಮಾಮೂಲಿ ಕೇಬಲ್ ಲೂಪ್ ಮಾಡುವುದಿಲ್ಲ. ಲೋಹದ ಹೊದಿಕೆಯ ಶೀಲ್ಡೆಡ್ ಕೇಬಲ್ ಹಾಕಿದ್ದರೆ ಮಾತ್ರ ಆ ಹೊದಿಕೆಯೇ ಎರಡು ಗ್ರೌಂಡ್‌ಗಳನ್ನು ಕೂಡಿಸಿಬಿಡುತ್ತದೆ.

ಅಡಾಪ್ಟರ್ ಇದ್ದಾಗ ಇರಲಿಲ್ಲ, ಲೀನಿಯರ್ ಹಾಕಿದ ಮೇಲೆ ಬಂತು

ಜನ ಇದನ್ನು ನಂಬುವುದಿಲ್ಲ, ಆದರೆ ತುಂಬಾ ಸಾಮಾನ್ಯವಾದ ದೂರು ಇದೇ. ಕಾರಣ ತಿಳಿದರೆ ಸರಿ ಮಾಡುವುದು ಸುಲಭ.

ಜೊತೆಗೆ ಬಂದ ಅಡಾಪ್ಟರ್‌ಗೆ ಎರಡೇ ಪಿನ್. ಅರ್ಥ್ ಜೊತೆ ನೇರ ಸಂಪರ್ಕ ಇಲ್ಲ. ಅದರೊಳಗೆ ಮೇನ್ಸ್ ಕಡೆಗೂ ಡಿಸಿ ಕಡೆಗೂ ನಡುವೆ ಒಂದು ಸಣ್ಣ ವೈ ಕೆಪಾಸಿಟರ್ ಇರುತ್ತದೆ, ಸಾಮಾನ್ಯವಾಗಿ 1ರಿಂದ 2.2 ನ್ಯಾನೋಫ್ಯಾರಡ್. ಲೆಕ್ಕ ಹಾಕಿದರೆ ಅದರ ಮೂಲಕ 50 ಹರ್ಟ್ಜ್‌ನಲ್ಲಿ 0.07ರಿಂದ 0.16 ಮಿಲಿಆಂಪ್ ಸೋರುತ್ತದೆ. ಲೋಹದ ಡ್ಯಾಕ್ ಪೆಟ್ಟಿಗೆಯ ಮೇಲೆ ಬೆರಳಿನ ಹಿಂಭಾಗ ಮೆಲ್ಲಗೆ ಸವರಿದರೆ ಜುಮ್ ಅನ್ನುತ್ತದಲ್ಲ, ಅದೇ ಇದು. ಒಳ್ಳೆಯ ಮಲ್ಟಿಮೀಟರ್ ಇಟ್ಟರೆ ಪೆಟ್ಟಿಗೆಗೂ ಅರ್ಥ್‌ಗೂ ನಡುವೆ 100 ವೋಲ್ಟ್ ಆಸುಪಾಸು ತೋರಿಸಬಹುದು, ಗಾಬರಿ ಬೇಡ, ಹಿಂದೆ ಕರೆಂಟ್ ಅಷ್ಟು ಇಲ್ಲ. ಈ ಸೋರಿಕೆ ಡ್ಯಾಕ್‌ನಿಂದ ಆಂಪ್‌ಗೆ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್‌ನ ಹೊರಪದರದ ಮೂಲಕ ಆಂಪ್‌ಗೆ ಹೋಗಿ ಅಲ್ಲಿಂದ ಅರ್ಥ್ ಸೇರುತ್ತದೆ. ಸ್ವಲ್ಪ ಜರ್ ಅನ್ನಬಹುದು, ಬಹಳ ಕಡೆ ಗೊತ್ತೇ ಆಗುವುದಿಲ್ಲ.

ಈಗ ಲೀನಿಯರ್ ಸಪ್ಲೈ ಬಂತು. ಲೋಹದ ಪೆಟ್ಟಿಗೆ, ಮೂರು ಪಿನ್. ಪೆಟ್ಟಿಗೆ ಅರ್ಥ್ ಆಗಿರಲೇಬೇಕು, ಅದು ಸರಿ. ಆದರೆ ಕೆಲವು ತಯಾರಕರು ಡಿಸಿಯ ಮೈನಸ್ ಅನ್ನೂ ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ. ನಿಮ್ಮ ಆಂಪ್ ಕೂಡ ಮೂರು ಪಿನ್ನಿನದಾಗಿದ್ದರೆ ಈಗ ಡ್ಯಾಕ್‌ನ ಗ್ರೌಂಡ್ ಎರಡು ದಾರಿಯಲ್ಲಿ ಅರ್ಥ್ ಮುಟ್ಟುತ್ತದೆ. ಒಂದು ಸಪ್ಲೈ ಮೂಲಕ, ಇನ್ನೊಂದು ಆರ್‌ಸಿಎ ಕೇಬಲ್ ಮತ್ತು ಆಂಪ್ ಮೂಲಕ. ಉಂಗುರ ಪೂರ್ತಿ ಆಯಿತು. ಎರಡು ಪ್ಲಗ್ ಪಾಯಿಂಟ್‌ಗಳ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಯಾವಾಗಲೂ ಇರುತ್ತದೆ, ಅದು ಈ ಉಂಗುರದಲ್ಲಿ ಕರೆಂಟ್ ಹರಿಸುತ್ತದೆ. ಕೇಬಲ್ ಹೊರಪದರದ ರೆಸಿಸ್ಟೆನ್ಸ್ 0.05 ಓಮ್, ಹರಿಯುವುದು 20 ಮಿಲಿಆಂಪ್ ಅಂತ ಇಟ್ಟುಕೊಳ್ಳಿ, 1 ಮಿಲಿವೋಲ್ಟ್ ಹಮ್ ನೇರವಾಗಿ ಹಾಡಿನ ಸಿಗ್ನಲ್ ಜೊತೆ ಕೂಡಿಕೊಳ್ಳುತ್ತದೆ. ಡ್ಯಾಕ್‌ನ ಪೂರ್ತಿ ಔಟ್‌ಪುಟ್ 2 ವೋಲ್ಟ್ ಆದರೆ ಇದು ಅದಕ್ಕಿಂತ 66 ಡೆಸಿಬಲ್ ಕೆಳಗೆ. ರಾತ್ರಿ ಹೊತ್ತು ಸುಮ್ನೆ ಕೂತು ಕೇಳುವಾಗ ಇಷ್ಟು ಹಮ್ ಧಾರಾಳವಾಗಿ ಕೇಳುತ್ತದೆ.

ನಿಮ್ಮ ಸಪ್ಲೈ ಇಂಥದ್ದೇ ಅಂತ ನೋಡುವುದು ಹೀಗೆ. ಪ್ಲಗ್ ಗೋಡೆಯಿಂದ ಕೀಳಿ. ಡಿಸಿ ವೈರನ್ನೂ ಡ್ಯಾಕ್‌ನಿಂದ ಕೀಳಿ. ಮಲ್ಟಿಮೀಟರ್ ಅನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ. ಒಂದು ಕಡ್ಡಿ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮೇಲೆ, ಇನ್ನೊಂದು ಡಿಸಿ ಜ್ಯಾಕ್‌ನ ಹೊರಗಿನ ಲೋಹದ ಮೇಲೆ. ಸೆಂಟರ್ ಪಾಸಿಟಿವ್ (ಪ್ಲಸ್ ಒಳಗೆ) ಆದರೆ ಆ ಹೊರಲೋಹವೇ ಮೈನಸ್. ಬೀಪ್ ಬಂದರೆ ಎರಡೂ ಕೂಡಿವೆ, ಹಮ್‌ನ ದಾರಿ ಸಿಕ್ಕಿತು. ಏನೂ ಬರದಿದ್ದರೆ ಸಪ್ಲೈಯ ಔಟ್‌ಪುಟ್ ತೇಲುತ್ತಿದೆ, ಅಂದರೆ ಅರ್ಥ್ ಮುಟ್ಟಿಲ್ಲ, ಈ ಉಂಗುರ ಇಲ್ಲಿಲ್ಲ.

ಕೂಡಿದ್ದರೆ ಏನು ಮಾಡಬೇಕು? ಖರ್ಚಿಲ್ಲದ ಉಪಾಯ ಮೊದಲು: ಆಂಪ್, ಡ್ಯಾಕ್, ಸ್ಟ್ರೀಮರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಆ ಬೋರ್ಡನ್ನು ಒಂದೇ ಪಾಯಿಂಟ್‌ಗೆ. ಅರ್ಥ್‌ಗಳ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ, ಉಂಗುರವೂ ಚಿಕ್ಕದಾಗುತ್ತದೆ. ಅಷ್ಟಕ್ಕೇ ಹೋದರೆ ಒಳ್ಳೆಯದು. ಹೋಗದಿದ್ದರೆ ಸಪ್ಲೈಯ ಹಿಂದೆ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆಯಾ ನೋಡಿ. ಆ ಸ್ವಿಚ್ ಡಿಸಿ ಮೈನಸ್ ಅನ್ನು ಪೆಟ್ಟಿಗೆಯಿಂದ ಬಿಡಿಸುತ್ತದೆ, ಪೆಟ್ಟಿಗೆ ಮಾತ್ರ ಅರ್ಥ್‌ನಲ್ಲೇ ಉಳಿಯುತ್ತದೆ. ಪಿನ್ ಕತ್ತರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಸ್ವಿಚ್ ಇಲ್ಲದಿದ್ದರೆ, ಕೈ ನುರಿತವರು ಮೈನಸ್ ಮತ್ತು ಪೆಟ್ಟಿಗೆ ನಡುವಿನ ನೇರ ವೈರ್ ತೆಗೆದು ಅಲ್ಲಿ 10 ಓಮ್ ರೆಸಿಸ್ಟರ್, ಅದಕ್ಕೆ ಪ್ಯಾರಲಲ್ ಆಗಿ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಜೊತೆಗೆ ಎದುರುಬದುರಾಗಿ ಡಯೋಡ್ ಹಾಕುತ್ತಾರೆ. ಡಯೋಡ್ ಜಾಗಕ್ಕೆ 35 ಆಂಪ್‌ನ ಬ್ರಿಜ್ ಬಳಸುವುದು ರೂಢಿ. ಸಣ್ಣ ಹಮ್ ಕರೆಂಟ್‌ಗೆ ರೆಸಿಸ್ಟರ್ ಅಡ್ಡ ಬರುತ್ತದೆ. ದೊಡ್ಡ ಫಾಲ್ಟ್ ಕರೆಂಟ್ ಬಂದರೆ ಡಯೋಡ್ ಮೂಲಕ ಅರ್ಥ್‌ಗೆ ಹೋಗಿ ಫ್ಯೂಸ್ ಸುಡುತ್ತದೆ.

ಬಿಚ್ಚಲು ಇಷ್ಟವಿಲ್ಲದಿದ್ದರೆ ಸ್ಟ್ರೀಮರ್‌ನಿಂದ ಡ್ಯಾಕ್‌ಗೆ ಯುಎಸ್‌ಬಿ ಬಿಟ್ಟು ಆಪ್ಟಿಕಲ್ ಕೇಬಲ್ ಹಾಕಿ. ಬೆಳಕಿನಲ್ಲಿ ಹಮ್ ಹೋಗುವುದಿಲ್ಲ. ಆ ಎರಡರ ನಡುವಿನ ಲೂಪ್ ಅಲ್ಲಿಗೇ ಕತ್ತರಿಸುತ್ತದೆ.

ಮನೆಯ ಅರ್ಥಿಂಗ್ ಬಗ್ಗೆಯೂ ಒಂದು ಮಾತು. ಹಳೆಯ ಮನೆಗಳಲ್ಲಿ ಮೂರು ತೂತಿನ ಪಾಯಿಂಟ್ ಇರುತ್ತದೆ, ಆದರೆ ಅರ್ಥ್ ತೂತಿಗೆ ಒಳಗೆ ವೈರೇ ಇರುವುದಿಲ್ಲ. ಆಗ ಎಲ್ಲ ಪೆಟ್ಟಿಗೆಗಳ ಸೋರಿಕೆಯೂ ಒಟ್ಟಾಗಿ ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ, ಬಹಳ ಸಲ ಡಿಶ್ ಕೇಬಲ್‌ನಲ್ಲಿ ಹರಿಯುತ್ತದೆ. ಮೇಲಿನ ಯಾವ ಪರೀಕ್ಷೆಯೂ ಆಗ ನೇರ ಉತ್ತರ ಕೊಡುವುದಿಲ್ಲ. ಎಲೆಕ್ಟ್ರಿಶಿಯನ್ ಕರೆದು ಅರ್ಥ್ ನಿಜವಾಗಿ ಇದೆಯಾ ಅಂತ ನೋಡಿಸಿ. ಆಡಿಯೋಗೆ ಖರ್ಚು ಮಾಡುವ ಮೊದಲ ದುಡ್ಡು ಅದಕ್ಕೆ ಹೋದರೆ ನನಗೆ ಸಂತೋಷ.

ಸಂಜೆ ಮಾತ್ರ ಹಮ್

ತೀರ್ಥಹಳ್ಳಿ ಕಡೆಯ ಪರಿಚಯದವರೊಬ್ಬರ ಮನೆಯ ಉದಾಹರಣೆ ಹೇಳುತ್ತೇನೆ. ಸ್ಟ್ರೀಮರ್‌ಗೆ 5 ವೋಲ್ಟಿನ ಲೀನಿಯರ್ ಸಪ್ಲೈ, ಒಳಗೆ 9 ವೋಲ್ಟ್ ಟ್ರಾನ್ಸ್‌ಫಾರ್ಮರ್, ಮಾಮೂಲಿ ಬ್ರಿಜ್, 4700 ಮೈಕ್ರೋಫ್ಯಾರಡ್ ಕೆಪಾಸಿಟರ್, ಕೊನೆಗೆ 7805 ಜಾತಿಯದೇ ಒಂದು ರೆಗ್ಯುಲೇಟರ್ (ಔಟ್‌ಪುಟ್ ಅನ್ನು 5 ವೋಲ್ಟಿನಲ್ಲೇ ಹಿಡಿದಿಡುವ ಚಿಪ್). ಹಗಲೆಲ್ಲ ನಿಶ್ಶಬ್ದ. ಸಂಜೆ ದೀಪ ಹಾಕುವ ಹೊತ್ತಿಗೆ ಸ್ಪೀಕರ್‌ನಲ್ಲಿ ಜರ್ ಅಂತ ಶುರು, ರಾತ್ರಿ ಹತ್ತರ ಮೇಲೆ ತಾನೇ ನಿಲ್ಲುತ್ತದೆ. ಮೀಟರ್ ಇಟ್ಟರೆ ಸಂಜೆ ಗೋಡೆಯಲ್ಲಿ 180 ವೋಲ್ಟ್.

ಲೆಕ್ಕ ಮಾಡಿ ನೋಡಿ, ಎಲ್ಲ ಅದರಲ್ಲೇ ಇದೆ. 230 ಇದ್ದಾಗ 9 ವೋಲ್ಟಿನ ಶಿಖರ 12.7. ಬ್ರಿಜ್ 1.8 ತಿನ್ನುತ್ತದೆ, ಉಳಿದದ್ದು 10.9. ರಿಪಲ್ ಎಷ್ಟು ಅಂದರೆ ಆಂಪಿಯರ್‌ನಲ್ಲಿ ಹೇಳಿದ ಕರೆಂಟ್ ಅನ್ನು 100ರಿಂದಲೂ ಫ್ಯಾರಡ್‌ನಲ್ಲಿ ಹೇಳಿದ ಕೆಪಾಸಿಟರ್‌ನಿಂದಲೂ ಭಾಗಿಸಿದಷ್ಟು. 1 ಆಂಪ್‌ಗೆ 4700 ಮೈಕ್ರೋಫ್ಯಾರಡ್‌ನಲ್ಲಿ ಸುಮಾರು 2.1 ವೋಲ್ಟ್. ಅಂದರೆ ರೆಗ್ಯುಲೇಟರ್‌ಗೆ ಸಿಗುವ ಕನಿಷ್ಠ ವೋಲ್ಟೇಜ್ 8.8. 7805ಗೆ ತನ್ನ ಔಟ್‌ಪುಟ್‌ಗಿಂತ 2 ವೋಲ್ಟ್ ಜಾಸ್ತಿ, ಅಂದರೆ 7 ಬೇಕು. ಸಲೀಸಾಗಿ ನಡೆಯುತ್ತದೆ.

ಅದೇ 180ಕ್ಕೆ ಇಳಿದಾಗ 9 ವೋಲ್ಟ್ 7 ಆಗುತ್ತದೆ, ಶಿಖರ 10ರ ಹತ್ತಿರ, ಬ್ರಿಜ್ ಕಳೆದರೆ 8.2, ರಿಪಲ್ ಕಳೆದರೆ 6. ಬೇಕಾದದ್ದು 7. ಸೆಕೆಂಡಿಗೆ ನೂರು ಸಲ ರೆಗ್ಯುಲೇಟರ್ ಕೈ ಬಿಡುತ್ತದೆ, ಆ ಹಳ್ಳ ನೇರ ಔಟ್‌ಪುಟ್‌ಗೆ ಬರುತ್ತದೆ. ಸ್ಪೆಕ್ಟ್ರಮ್‌ನಲ್ಲಿ 100, 200, 300 ಎದ್ದು ನಿಲ್ಲುತ್ತವೆ. ಹಳೆಯ ಅಡಾಪ್ಟರ್‌ಗೆ ಈ ಸಮಸ್ಯೆಯೇ ಇರಲಿಲ್ಲ. ಅದರ ಮೇಲೆ 100ರಿಂದ 240 ಅಂತ ಬರೆದಿರುತ್ತದೆ, 180 ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸರಿ ಮಾಡಿದ್ದು ಹೀಗೆ. ಮಾಮೂಲಿ ಬ್ರಿಜ್ ತೆಗೆದು ನಾಲ್ಕು 1ಎನ್5822 ಶಾಟ್ಕಿ ಡಯೋಡ್ ಹಾಕಿದರೆ ಒಂದು ಸಲಕ್ಕೆ ಕರೆಂಟ್ ಹಾಯುವ ಎರಡು ಡಯೋಡ್ ಸೇರಿ 1 ವೋಲ್ಟ್ ಮಾತ್ರ ತಿನ್ನುತ್ತವೆ. ಕೆಪಾಸಿಟರ್ 10,000 ಮೈಕ್ರೋಫ್ಯಾರಡ್ ಮಾಡಿದರೆ ರಿಪಲ್ 1 ವೋಲ್ಟ್. ಈಗ ಅದೇ 180ರಲ್ಲಿ ಕನಿಷ್ಠ 8 ವೋಲ್ಟ್ ಸಿಗುತ್ತದೆ. ಹಮ್ ಹೋಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಸಾಮಾನೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಕೆಪಾಸಿಟರ್ 25 ವೋಲ್ಟಿನದೇ ತನ್ನಿ, 16ರದ್ದು ಬೇಡ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಲೋಡ್ ಇಲ್ಲದಾಗ ಬರೆದದ್ದಕ್ಕಿಂತ ಜಾಸ್ತಿ ಕೊಡುತ್ತವೆ, ಮೇಲೆ ಮಧ್ಯರಾತ್ರಿ ಮೇನ್ಸ್ 250ಕ್ಕೆ ಏರಿದರೆ 16 ವೋಲ್ಟಿನ ಅಂಚಿಗೆ ಬಂದುಬಿಡುತ್ತದೆ.

ಹಾಗಾದರೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಯ್ತಲ್ಲ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಆ ಹೆಚ್ಚಿನ ವೋಲ್ಟೇಜ್ ಎಲ್ಲ ಬಿಸಿಯಾಗಿ ಹೋಗಬೇಕು. 1 ಆಂಪ್‌ಗೆ 9 ವೋಲ್ಟಿನದರಲ್ಲಿ ರೆಗ್ಯುಲೇಟರ್ ಸುಮಾರು 6 ವ್ಯಾಟ್ ಬಿಸಿ ಸಹಿಸಬೇಕು, 12ರದ್ದರಲ್ಲಿ 10ಕ್ಕೂ ಮೇಲೆ. ಹೀಟ್‌ಸಿಂಕ್ ದೊಡ್ಡದು ಬೇಕಾಗುತ್ತದೆ. ವೋಲ್ಟೇಜ್ ತೀರಾ ಏರುಪೇರು ಇರುವ ಊರಾದರೆ ಒಂದು ಸ್ಟೆಬಿಲೈಸರ್ ಇಡುವುದೇ ಲೇಸು, ರಿಲೇ ಟಕ್ ಅಂದಾಗ ಸ್ಪೀಕರ್‌ನಲ್ಲೂ ಸಣ್ಣ ಟಕ್ ಬರಬಹುದು ಅಷ್ಟೇ.

ನಿಮ್ಮಲ್ಲೂ ಇದೇ ಅಂತ ಖಚಿತ ಮಾಡಿಕೊಳ್ಳಲು ಸಂಜೆಯವರೆಗೆ ಕಾಯಬೇಕಿಲ್ಲ. ರಿಪೇರಿ ಅಂಗಡಿಯಲ್ಲಿ ಡಿಮ್ಮರ್‌ಸ್ಟ್ಯಾಟ್ (ಮೇನ್ಸ್ ವೋಲ್ಟೇಜ್ ಏರಿಳಿಸುವ ಸಾಧನ) ಇರುತ್ತದೆ. ಸಪ್ಲೈಗೆ ನಿಜವಾದ ಲೋಡ್ ಕೊಟ್ಟು ಮೇನ್ಸ್ ಅನ್ನು 230ರಿಂದ ಮೆಲ್ಲಗೆ ಇಳಿಸುತ್ತಾ ಬಂದರೆ ಯಾವ ವೋಲ್ಟಿಗೆ ಹಮ್ ಏಳುತ್ತದೆ ಅಂತ ಕಣ್ಣೆದುರಿಗೇ ಗೊತ್ತಾಗುತ್ತದೆ. ಸಾಮಾನನ್ನು ಲೋಡ್ ಆಗಿ ಬಳಸಲು ಭಯವಾದರೆ 5 ವೋಲ್ಟಿಗೆ 4.7 ಓಮ್ 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್, 12 ವೋಲ್ಟಿಗೆ ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬ್ ಸಾಕು. ರೆಸಿಸ್ಟರ್ ಮುಟ್ಟಬೇಡಿ, ಸುಡುತ್ತದೆ.

ಮಲ್ಟಿಮೀಟರ್‌ನಲ್ಲಿ ರಿಪಲ್ ಅಳೆಯುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಅಗ್ಗದ ಹಳದಿ ಮೀಟರ್‌ನ ಎಸಿಯಲ್ಲಿ ಕೆಳಗಿನ ರೇಂಜೇ 200 ವೋಲ್ಟ್, ಮಿಲಿವೋಲ್ಟ್ ಅದಕ್ಕೆ ಕಾಣುವುದೇ ಇಲ್ಲ. ಅದೂ ಸಾಲದೆಂದು ಎಸಿಯಲ್ಲಿಟ್ಟು 5 ವೋಲ್ಟ್ ಡಿಸಿ ಮುಟ್ಟಿಸಿದರೆ 10, 11 ಅಂತ ತೋರಿಸುತ್ತದೆ. ಅದನ್ನು ನೋಡಿ ಸಪ್ಲೈ ಹಾಳಾಗಿದೆ ಅಂದುಕೊಂಡವರಿದ್ದಾರೆ. ಮಿಲಿವೋಲ್ಟ್ ಎಸಿ ಇರುವ ಮೀಟರ್ ತೆಗೆದುಕೊಂಡು, ಕೆಂಪು ಕಡ್ಡಿಗೆ ಸೀರೀಸ್‌ನಲ್ಲಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿ ಅಳೆಯಿರಿ. ಹಗಲು ಮತ್ತು ಸಂಜೆಯ ಅಳತೆ ಹೋಲಿಸಿ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ

ಇದೂ ಮೇಲಿನದರ ತಮ್ಮನೇ. ಚೌಕ ಅಲೆ ಕೊಡುವ ಅಗ್ಗದ ಇನ್ವರ್ಟರ್‌ಗಳಲ್ಲಿ 230 ಅಂತ ಮೀಟರ್ ತೋರಿಸಿದರೂ ಅಲೆಯ ಶಿಖರ ಮೇನ್ಸ್‌ನಂತೆ 325ಕ್ಕೆ ಹೋಗುವುದಿಲ್ಲ, ಬಹಳ ಕೆಳಗೇ ಚಪ್ಪಟೆಯಾಗಿ ನಿಲ್ಲುತ್ತದೆ. ಲೀನಿಯರ್ ಸಪ್ಲೈ ಬದುಕುವುದೇ ಶಿಖರದ ಮೇಲೆ. 9 ವೋಲ್ಟಿನ ಶಿಖರ 12.7 ಇರಬೇಕಾದ್ದು 9ರ ಹತ್ತಿರಕ್ಕೆ ಬಂದರೆ ರೆಗ್ಯುಲೇಟರ್‌ಗೆ ಉಸಿರಾಡಲು ಜಾಗ ಇಲ್ಲ. ಮೇಲಿಂದ ಚೌಕ ಅಲೆಯ ಚೂಪು ಅಂಚುಗಳಿಂದ ಟ್ರಾನ್ಸ್‌ಫಾರ್ಮರ್ ತಾನೇ ಗೊರ್ ಅನ್ನುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ತೊಂದರೆ ಇಲ್ಲ. ಚೌಕ ಅಲೆಯದೇ ಇದ್ದರೆ ಕರೆಂಟ್ ಹೋದಾಗ ಹಳೆಯ ಅಡಾಪ್ಟರ್ ಸಿಕ್ಕಿಸಿಕೊಳ್ಳಿ, ಅದರಲ್ಲಿ ಅವಮಾನ ಏನಿಲ್ಲ.

ಹಮ್ ಇಲ್ಲ, ಆದರೆ ಚಟಪಟ, ಕಡಿತ, ತಾನಾಗೇ ರೀಸ್ಟಾರ್ಟ್

ರಾಸ್ಬೆರಿ ಪೈ ಇಟ್ಟುಕೊಂಡವರು ಮೊದಲು ವೋಲ್ಟೇಜ್ ನೋಡಿ. ಪೈ 4ರ ಅಧಿಕೃತ ಅಡಾಪ್ಟರ್ 5.1 ವೋಲ್ಟ್, 3 ಆಂಪ್. 5ಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟಿರುವುದು ವೈರಿನಲ್ಲಿ ಕಳೆಯುವುದಕ್ಕೆ ಅಂತಲೇ. 4.63 ವೋಲ್ಟಿಗಿಂತ ಇಳಿದರೆ ಅದು ದೂರುತ್ತದೆ, ಪರದೆ ಜೋಡಿಸಿದ್ದರೆ ಮಿಂಚಿನ ಗುರುತು ಬರುತ್ತದೆ, ಇಲ್ಲದಿದ್ದರೆ ಲಾಗ್‌ನಲ್ಲಿ ಅಂಡರ್ ವೋಲ್ಟೇಜ್ ಅಂತ ಬರೆದಿರುತ್ತದೆ.

ಸಪ್ಲೈ ಪೆಟ್ಟಿಗೆಯಲ್ಲಿ ಅಳೆದರೆ ಸರಿಯಾಗಿ 5.0 ಇರುತ್ತದೆ, ಅದಕ್ಕೇ ಜನ ಮೋಸ ಹೋಗುವುದು. ವೈರಿನ ಇನ್ನೊಂದು ತುದಿಯಲ್ಲಿ, ಪೈ ಓಡುತ್ತಿರುವಾಗ ಅಳೆಯಿರಿ. 22 ಗೇಜ್ ತಾಮ್ರದ ತಂತಿ ಮೀಟರಿಗೆ 0.053 ಓಮ್. ಹೋಗಿ ಬರುವ ಎರಡೂ ತಂತಿ ಸೇರಿ 1 ಮೀಟರ್ ಕೇಬಲ್‌ಗೆ 0.106. 2 ಆಂಪ್ ಎಳೆದಾಗ 0.21 ವೋಲ್ಟ್ ವೈರಿನಲ್ಲೇ ಹೋಯಿತು, ಉಳಿದದ್ದು 4.79. ಇದಕ್ಕೆ ಸ್ವಿಚ್ಚು, ಕನೆಕ್ಟರ್ ಸೇರಿಸಿ. 18 ಗೇಜ್ ವೈರ್ ಹಾಕಿ, ಅರ್ಧ ಮೀಟರಿಗಿಂತ ಉದ್ದ ಬೇಡ, ಸಪ್ಲೈಯಲ್ಲಿ ಟ್ರಿಮ್ ಪಾಟ್ (ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು) ಇದ್ದರೆ 5.1ಕ್ಕೆ ಇಡಿ. ಬೆಳ್ಳಿ ಬಳಿದ ದುಬಾರಿ ತೆಳು ವೈರಿಗಿಂತ ದಪ್ಪನೆಯ ಸಾದಾ ತಾಮ್ರ ಇಲ್ಲಿ ಎಷ್ಟೋ ಮೇಲು.

ಡಿಸಿ ಜ್ಯಾಕ್‌ನಲ್ಲಿ ಎರಡು ಅಳತೆ ಇವೆ, ಹೊರಗೆ ಎರಡೂ 5.5 ಮಿಲಿಮೀಟರ್, ಒಳಗಿನ ಪಿನ್ 2.1 ಅಥವಾ 2.5. 2.5ರ ಪ್ಲಗ್ ಅನ್ನು 2.1ರ ಸಾಕೆಟ್‌ಗೆ ಹಾಕಿದರೆ ಕೂರುತ್ತದೆ, ಆದರೆ ಸಡಿಲ. ವೈರ್ ಮುಟ್ಟಿದರೆ ಹಾಡು ನಿಲ್ಲುವುದು ಇದರಿಂದಲೇ. ಹೊಸ ಸಪ್ಲೈ ಸಿಕ್ಕಿಸುವ ಮೊದಲು ಪ್ಲಸ್ ಒಳಗಿದೆಯಾ ಹೊರಗಿದೆಯಾ ಅಂತ ಮೀಟರ್‌ನಲ್ಲೇ ನೋಡಿ. ಇನ್ನು ಕೆಲವು ಫೋನೋ ಪ್ರೀಆಂಪ್, ಹಳೆಯ ಡ್ಯಾಕ್‌ಗಳ ಅಡಾಪ್ಟರ್ ಮೇಲೆ ಔಟ್‌ಪುಟ್ ಎಸಿ ಅಂತಲೇ ಬರೆದಿರುತ್ತದೆ. ಅವು ಒಳಗೆ ಎಸಿಯಿಂದಲೇ ಪ್ಲಸ್ ಮೈನಸ್ ಎರಡೂ ಮಾಡಿಕೊಳ್ಳುತ್ತವೆ. ಅವಕ್ಕೆ ಡಿಸಿ ಕೊಟ್ಟರೆ ಕೆಲಸ ಮಾಡುವುದಿಲ್ಲ, ಕೆಟ್ಟರೂ ಕೆಡಬಹುದು.

ಅರ್ಧ ಗಂಟೆ ಚೆನ್ನಾಗಿ ಹಾಡಿ ಆಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆ ಅಂದರೆ ರೆಗ್ಯುಲೇಟರ್ ಬಿಸಿಗೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿದೆ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಗಾಳಿಯಾಡದ ಟಿವಿ ಕಪಾಟಿನಲ್ಲಿ ಇಟ್ಟರೆ ಇನ್ನೇನಾಗುತ್ತದೆ? ಹೊರಗೆ ತೆಗೆದಿಡಿ. ರೆಗ್ಯುಲೇಟರ್ ಮತ್ತು ಹೀಟ್‌ಸಿಂಕ್ ನಡುವೆ ಪೇಸ್ಟ್ ಇದೆಯಾ, ಸ್ಕ್ರೂ ಬಿಗಿ ಇದೆಯಾ ನೋಡಿ. ಪೆಟ್ಟಿಗೆಯೊಳಗಿನ ಕೆಪಾಸಿಟರ್ 85 ಡಿಗ್ರಿಯದಾಗಿದ್ದರೆ 105ರದ್ದು ಹಾಕಿಸಿ. ಪ್ರತಿ 10 ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧ ಆಗುತ್ತದೆ.

ಪೆಟ್ಟಿಗೆಯೇ ಗುಂಯ್‌ಗುಟ್ಟಿದರೆ

ಟೊರಾಯ್ಡ್, ಅಂದರೆ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್, ಮೇನ್ಸ್‌ನಲ್ಲಿ ಸ್ವಲ್ಪ ಡಿಸಿ ಸೇರಿದರೂ ಗುಂಯ್ ಅನ್ನುತ್ತದೆ. ಹೇರ್ ಡ್ರೈಯರ್‌ನ ಕಡಿಮೆ ಬಿಸಿ ಸ್ಥಾನದಲ್ಲಿ ಹಲವು ಸಲ ಒಂದೇ ಡಯೋಡ್ ಇರುತ್ತದೆ, ಅದನ್ನು ಹಾಕಿದಾಗ ಮಾತ್ರ ಸದ್ದು ಬಂದರೆ ಉತ್ತರ ಸಿಕ್ಕಿತು. ಮೇನ್ಸ್ ತುಂಬಾ ಜಾಸ್ತಿ ಇದ್ದಾಗಲೂ ಹೀಗಾಗುತ್ತದೆ. ಪೆಟ್ಟಿಗೆ ಕಂಪಿಸುತ್ತಿದ್ದರೆ ಮಧ್ಯದ ಬೋಲ್ಟ್ ಸ್ವಲ್ಪ ಬಿಗಿ ಮಾಡಿ, ಕೆಳಗೆ ರಬ್ಬರ್ ಹಾಕಿ. ಆದರೆ ಒಂದು ಮುಖ್ಯ ವಿಷಯ: ಆ ಬೋಲ್ಟ್‌ನ ಮೇಲ್ತುದಿ ಮುಚ್ಚಳವನ್ನು ಮುಟ್ಟಬಾರದು. ತಳ, ಬೋಲ್ಟ್, ಮುಚ್ಚಳ, ಪಕ್ಕದ ಗೋಡೆ ಸೇರಿ ಟ್ರಾನ್ಸ್‌ಫಾರ್ಮರ್ ಸುತ್ತ ಒಂದು ಶಾರ್ಟ್ ಆದ ಸುತ್ತು ಆಗಿಬಿಡುತ್ತದೆ. ದೊಡ್ಡ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ. ಮುಚ್ಚಳ ತೆಗೆದಿದ್ದಾಗ ಸರಿ, ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ ಅಂದರೆ ಇದೇ. ಆನ್ ಮಾಡಿದ ಕ್ಷಣ ಮಾತ್ರ ಆಗೊಮ್ಮೆ ಈಗೊಮ್ಮೆ ಫ್ಯೂಸ್ ಹೋಗುವುದಾದರೆ ಅಲ್ಲಿ ಎಫ್ ಗುರುತಿನ ಫ್ಯೂಸ್ ಇರಬಹುದು. ತಯಾರಕರು ಬರೆದಷ್ಟೇ ಆಂಪ್‌ನ ಟಿ ಗುರುತಿನದು, ಅಂದರೆ ನಿಧಾನಕ್ಕೆ ಸುಡುವುದು ಹಾಕಿ.

ಟರ್ನ್‌ಟೇಬಲ್ ಇರುವವರು ಸಪ್ಲೈಯನ್ನು ಫೋನೋ ಪ್ರೀಆಂಪ್ ಪಕ್ಕದಲ್ಲಿ ಇಡಬಾರದು. ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಗಾಳಿಯಲ್ಲೇ ಕಾರ್ಟ್ರಿಜ್‌ಗೆ (ಟರ್ನ್‌ಟೇಬಲ್‌ನ ಸೂಜಿ ಇರುವ ಭಾಗ) ತಲುಪುತ್ತದೆ. ಪರೀಕ್ಷೆ ಸುಲಭ. ಪ್ರೀಆಂಪ್ ಅನ್ನು ಹಳೆಯ ಅಡಾಪ್ಟರ್‌ನಿಂದ ನಡೆಸಿ, ಸಪ್ಲೈ ಆನ್ ಇಟ್ಟು ಯಾವುದಕ್ಕೂ ಜೋಡಿಸದೆ ಕೈಯಲ್ಲಿ ಹಿಡಿದು ಹತ್ತಿರ ತನ್ನಿ, ತಿರುಗಿಸಿ, ದೂರ ಒಯ್ಯಿರಿ. ಹಮ್ ಜೊತೆಜೊತೆಗೆ ಏರಿಳಿದರೆ ಬೇರೇನೂ ಹುಡುಕಬೇಡಿ. ಒಂದೆರಡು ಅಡಿ ದೂರ ಇಟ್ಟರೆ ಸಾಕು, ದೂರ ಹೋದಂತೆ ಅದು ಬಹಳ ಬೇಗ ಕುಗ್ಗುತ್ತದೆ.

ತಾವೇ ಕಟ್ಟಿದವರಿಗೆ

ವೋಲ್ಟೇಜ್ ಸಾಕಷ್ಟಿದೆ, ಲೂಪ್ ಇಲ್ಲ, ಆದರೂ 100 ಹರ್ಟ್ಜ್ ಜರ್ ಅನ್ನುತ್ತದೆ ಅಂದರೆ ಗ್ರೌಂಡ್ ವೈರ್ ಎಲ್ಲಿಂದ ತೆಗೆದಿದ್ದೀರಿ ನೋಡಿ. ಬ್ರಿಜ್‌ನಿಂದ ಕೆಪಾಸಿಟರ್‌ಗೆ ಹೋಗುವ ತುಂಡಿನಲ್ಲಿ ಚಾರ್ಜಿಂಗ್ ಕರೆಂಟ್ ಒಂದೇ ಸಮ ಹರಿಯುವುದಿಲ್ಲ, ಕ್ಷಣಕಾಲ ಹಲವು ಆಂಪ್ ನುಗ್ಗಿ ಬರುತ್ತದೆ. ರೆಗ್ಯುಲೇಟರ್‌ನ ಗ್ರೌಂಡ್ ಆ ತುಂಡಿನಿಂದ ತೆಗೆದಿದ್ದರೆ ಆ ಏಟೆಲ್ಲ ಔಟ್‌ಪುಟ್‌ಗೆ ಬರುತ್ತದೆ, ಎಷ್ಟು ಒಳ್ಳೆಯ ರೆಗ್ಯುಲೇಟರ್ ಇದ್ದರೂ ತಡೆಯಲಾರದು. ಬ್ರಿಜ್‌ನ ವೈರ್ ಮೊದಲು ಕೆಪಾಸಿಟರ್ ಕಾಲಿಗೆ ಬರಲಿ, ಅಲ್ಲಿಂದಲೇ ಮುಂದಕ್ಕೆ ಹೋಗಲಿ.

ಲೋಡ್ ಇಲ್ಲದೆಯೇ ರೆಗ್ಯುಲೇಟರ್ ಬಿಸಿಯಾದರೆ, ಔಟ್‌ಪುಟ್ ಅಳತೆ ಓಲಾಡಿದರೆ ಅದು ಆಸಿಲೇಟ್ ಆಗುತ್ತಿರಬಹುದು, ಅಂದರೆ ಔಟ್‌ಪುಟ್ ತಾನಾಗೇ ವೇಗವಾಗಿ ಏರಿಳಿಯುತ್ತಿರಬಹುದು. ಎಲ್‌ಟಿ1083 ಜಾತಿಯ ರೆಗ್ಯುಲೇಟರ್‌ಗಳಿಗೆ ಔಟ್‌ಪುಟ್‌ನಲ್ಲಿ ಸರಿಯಾದ ಎಲೆಕ್ಟ್ರೋಲಿಟಿಕ್ ಅಥವಾ ಟ್ಯಾಂಟಲಮ್ ಕೆಪಾಸಿಟರ್ ಬೇಕೇ ಬೇಕು, ಬರೀ ಸಿರಾಮಿಕ್ ಹಾಕಿದರೆ ಹಟ ಮಾಡುತ್ತವೆ. ಎಲ್‌ಟಿ3045ಗೆ ಉಲ್ಟಾ, ಅದು ಸಿರಾಮಿಕ್‌ಗೇ ಮಾಡಿದ್ದು, ಆದರೆ ಒಂದು ಚಿಪ್ ಕೊಡುವುದು 500 ಮಿಲಿಆಂಪ್ ಮಾತ್ರ. ಅದರ ಸದ್ದು 0.8 ಮೈಕ್ರೋವೋಲ್ಟ್ ಅಂತ ಓದಿ ಮರುಳಾಗಿ ಪೈಗೆ ಒಂದೇ ಹಾಕಿದರೆ ಅದು ಬೂಟ್ ಆಗುವುದೂ ಕಷ್ಟ. ಡೇಟಾಶೀಟ್‌ನಲ್ಲಿ ಹೇಳಿದ ಕೆಪಾಸಿಟರ್ ಅನ್ನು ಕಾಲಿಗೆ ತೀರಾ ಹತ್ತಿರ ಬೆಸುಗೆ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಉಳಿಯುವುದು ಟ್ವೀಟರ್‌ಗೆ ಕಿವಿ ಇಟ್ಟರೆ ಮಾತ್ರ ಕೇಳುವ ಸುಯ್ ಅನ್ನುವ ಸದ್ದಾದರೆ ಅದು ಆಂಪ್‌ನದೇ ಸಹಜ ಸದ್ದು, ಕೂತ ಜಾಗಕ್ಕೆ ಬರುವುದಿಲ್ಲ, ಅದಕ್ಕೆ ಸಪ್ಲೈ ಬದಲಿಸಬೇಡಿ. ಹಾಗೇ 48 ವೋಲ್ಟಿನ ಕ್ಲಾಸ್ ಡಿ ಆಂಪ್‌ಗೆ ಲೀನಿಯರ್ ಸಪ್ಲೈ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಬೇಡ ಅಂತಲೇ. 5 ಆಂಪ್ ಕೊಡುವ ಟ್ರಾನ್ಸ್‌ಫಾರ್ಮರ್ ಹೊರಲಾರದಷ್ಟು ತೂಕ, ಸಂಜೆ ವೋಲ್ಟೇಜ್ ಬಿದ್ದಾಗ ರೆಗ್ಯುಲೇಟರ್ ಇಲ್ಲದ ಸಪ್ಲೈಯಲ್ಲಿ ಪವರ್ ಕೂಡ ಬೀಳುತ್ತದೆ, ಒಳ್ಳೆಯ ಎಸ್‌ಎಂಪಿಎಸ್ (ಅಡಾಪ್ಟರ್ ಥರದ ಸ್ವಿಚಿಂಗ್ ಸಪ್ಲೈ) ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಲೀನಿಯರ್ ಸಪ್ಲೈಯನ್ನು ಫೋನೋ ಪ್ರೀಆಂಪ್‌ಗೆ ಮೊದಲು ಕೊಡಿ, ಸಣ್ಣ ಸಿಗ್ನಲ್ ಇರುವುದು ಅಲ್ಲಿ. ಆಮೇಲೆ ಡ್ಯಾಕ್.